ಕಾಗದದ ಸುರುಳಿಯೂ ಕೈಗೆಲಸದ ಮರ್ಯಾದೆಯೂ

ಮನುಷ್ಯನಿಗಿರುವ ಅವಯವಗಳಲ್ಲಿ ನಮ್ಮ ವಿದ್ಯಾಭ್ಯಾಸಕ್ರಮವು ಅತ್ಯಂತ ಕಡಮೆ ವಿಚಾರಿಸಿಕೊಂಡಿರುವುದು ಕೈಯನ್ನು. ಕಿವಿಗೆ ಉಪನ್ಯಾಸಗಳುಂಟು, ಕಣ್ಣಿಗೆ ಪುಸ್ತಕಗಳುಂಟು, ನಾಲಗೆಗೆ ಚರ್ಚಾಸ್ಪರ್ಧೆಗಳುಂಟು, ಕಾಲಿಗೆ ಆಟದ ಬಯಲುಂಟು. ಕೈಗೆ ಮಾತ್ರ ಟಿಪ್ಪಣಿ ಬರೆದುಕೊಳ್ಳುವುದೊಂದೇ ಕೆಲಸ. ಈಚೆಗೆ ಕರಿಹಲಗೆಯನ್ನು ಫೋನಿನಲ್ಲಿ ಚಿತ್ರ ತೆಗೆದುಕೊಳ್ಳುವ ರೂಢಿ ಬಂದಮೇಲೆ ಆ ಕೆಲಸವೂ ಅದಕ್ಕೆ ತಪ್ಪಿಹೋಗುತ್ತಿದೆ. ವಿಜ್ಞಾನದ ವಿದ್ಯಾರ್ಥಿಗಳಿಗಾದರೂ ಪ್ರಯೋಗಶಾಲೆಯಿದೆ. ಗಾಜಿನ ನಳಿಗೆಯನ್ನು ಹಿಡಿದು ಒಡೆಯುವಷ್ಟು ಸ್ವಾತಂತ್ರ್ಯವಿದೆ. ಕಲಾ ಕಾಲೇಜೆಂಬ ಹೆಸರು ಹೊತ್ತ ನಮ್ಮಲ್ಲಿ ಕಲೆಯೆಂಬುದು ನಾಮಫಲಕದಲ್ಲಿಯೂ ಪದವಿಪತ್ರದಲ್ಲಿಯೂ ಇದೆಯೇ ಹೊರತು ಬೆರಳುಗಳಲ್ಲಿ ಇಲ್ಲ.

ಈ ಕೊರತೆಯನ್ನು ತುಂಬಲು ದೊಡ್ಡ ಯೋಜನೆಗಳನ್ನು ಸೂಚಿಸುವ ಅರ್ಹತೆ ನನಗಿಲ್ಲ. ಬಹು ಸಣ್ಣದೊಂದು ಕೆಲಸದ ವಿಷಯವಾಗಿ ನನ್ನ ನಾಲ್ಕು ಮಾತುಗಳನ್ನು ಸಹಪಾಠಿಗಳ ಮುಂದೆಯೂ ಅಧ್ಯಾಪಕರ ಮುಂದೆಯೂ ಇಡಬಯಸುತ್ತೇನೆ. ಕಾಗದವನ್ನು ಎಳೆ ಎಳೆಯಾಗಿ ಕತ್ತರಿಸಿ, ಸುರುಳಿ ಸುತ್ತಿ, ಅದುಮಿ ಆಕಾರ ಕೊಟ್ಟು, ಅಂಟಿಸಿ ಹೂವು, ಎಲೆ, ಓಲೆ, ಜುಮುಕಿಗಳನ್ನು ಮಾಡುವ ಕೆಲಸವಿದೆಯಲ್ಲ, ಕ್ವಿಲ್ಲಿಂಗ್ ಎಂದು ಎಲ್ಲರೂ ಕರೆಯುವ ಆ ಕೆಲಸವೇ ನನ್ನ ವಿಷಯ. ನಮ್ಮ ಕಾಲೇಜಿನಲ್ಲಿ ಇದನ್ನು ಕಾಣದವರಿಲ್ಲ. ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿಯಲ್ಲಿ ಮಧ್ಯಾಹ್ನದ ಹೊತ್ತು ಇಬ್ಬರು ಮೂವರಾದರೂ ಕಡ್ಡಿಗೆ ಕಾಗದ ಸುತ್ತುತ್ತ ಕುಳಿತಿರುತ್ತಾರೆ. ಇವರನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳನ್ನು ನಾನು ಕೇಳಿದ್ದೇನೆ. ಕೆಲವರು ಇದನ್ನು ಕೆಲಸವಿಲ್ಲದವರ ಕೆಲಸವೆನ್ನುತ್ತಾರೆ. ಮತ್ತೆ ಕೆಲವರು, ಮನೆಯಲ್ಲಿ ಕುಳಿತೇ ಸಾವಿರಾರು ರೂಪಾಯಿ ಸಂಪಾದಿಸುವ ಉಪಾಯವಿದು ಎನ್ನುತ್ತಾರೆ. ಮೊದಲನೆಯವರು ಈ ಕೆಲಸವನ್ನು ಅರಿಯರು. ಎರಡನೆಯವರು ಲೆಕ್ಕವನ್ನು ಅರಿಯರು. ಇದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಕೊಡುವುದು ನನ್ನ ಕರ್ತವ್ಯ.

ಮೊದಲು ಇದರ ಕುಲಗೋತ್ರಗಳನ್ನು ಸ್ವಲ್ಪ ವಿಚಾರಿಸೋಣ. ಯೂರೋಪಿನಲ್ಲಿ ೧೬-೧೭ನೆಯ ಶತಮಾನಗಳಲ್ಲಿ ಫ್ರಾನ್ಸ್, ಇಟಲಿ ದೇಶಗಳ ಕ್ರೈಸ್ತ ಮಠಗಳ ಸಂನ್ಯಾಸಿನಿಯರೂ ಸಂನ್ಯಾಸಿಗಳೂ ಈ ಕೆಲಸವನ್ನು ಮಾಡುತ್ತಿದ್ದರು. ಸಂತರ ಸ್ಮಾರಕ ವಸ್ತುಗಳನ್ನಿಡುವ ಪೆಟ್ಟಿಗೆಗಳನ್ನೂ ದೇವರ ಪಟಗಳನ್ನೂ ಚಿನ್ನ ಬೆಳ್ಳಿಯ ಸಣ್ಣ ತಂತಿಯ ಕುಸುರಿಯಿಂದ ಅಲಂಕರಿಸುವುದು ಶ್ರೀಮಂತ ಮಠಗಳಿಗೆ ಸಾಧ್ಯವಿತ್ತು. ಬಡ ಮಠಗಳು ಏನು ಮಾಡಬೇಕು? ಆ ಕಾಲದ ಪುಸ್ತಕಗಳ ಹಾಳೆಗಳ ಅಂಚಿಗೆ ಹೊಂಬಣ್ಣ ಹಚ್ಚುತ್ತಿದ್ದರು. ಅಂಥ ಅಂಚನ್ನು ಕತ್ತರಿಸಿದಾಗ ಬೀಳುವ ಪಟ್ಟಿಗಳನ್ನು ಸುರುಳಿ ಸುತ್ತಿ, ಹೊಳೆಯುವ ಅಂಚು ಮೇಲೆ ಬರುವಂತೆ ನಿಲ್ಲಿಸಿ ಅಂಟಿಸಿದರೆ, ನಾಲ್ಕು ಮಾರು ದೂರದಿಂದ ನೋಡುವವನಿಗೆ ಅದು ಚಿನ್ನದ ತಂತಿಯೇ ಸರಿ. ಫ್ರಾನ್ಸಿನಲ್ಲಿ ಈ ಕೆಲಸಕ್ಕೆ ಪಾಪೆರೋಲ್ ಎಂಬ ಹೆಸರಾಯಿತು. ಕ್ವಿಲ್ ಎಂದರೆ ಹಕ್ಕಿಯ ಗರಿಯ ದಂಟು. ಅದರ ಮೇಲೆ ಕಾಗದ ಸುತ್ತುತ್ತಿದ್ದುದರಿಂದ ಇಂಗ್ಲಿಷಿನ ಹೆಸರು ಬಂದಿತೆಂದು ಹೇಳುತ್ತಾರೆ. ಅಂತೂ ಇದು ಹುಟ್ಟಿದ್ದು ಬಡತನದ ಜಾಣ್ಮೆಯಿಂದ, ಕಸವೆಂದು ಬಿಸಾಡುವ ವಸ್ತುವಿನಿಂದ. ಇದನ್ನು ಮರೆಯದಿರುವುದು ಒಳ್ಳೆಯದು.

ಮುಂದೆ ೧೮ನೆಯ ಶತಮಾನದಲ್ಲಿ ಈ ಕೆಲಸ ಇಂಗ್ಲೆಂಡಿನ ದೊಡ್ಡ ಮನೆಗಳನ್ನು ಹೊಕ್ಕಿತು. ೧೭೮೬ರಲ್ಲಿ ಅಲ್ಲಿಯ 'ನ್ಯೂ ಲೇಡೀಸ್ ಮ್ಯಾಗಜೀನ್' ಎಂಬ ಪತ್ರಿಕೆ ಇದಕ್ಕೆ ಬೇಕಾದ ನಮೂನೆಗಳನ್ನು ಅಚ್ಚುಹಾಕಿತು. ಬಡಗಿಗಳು ಚಹಾಪುಡಿಯ ಪೆಟ್ಟಿಗೆಗಳನ್ನು ಮಾಡುವಾಗ ಪಕ್ಕಗಳಲ್ಲಿ ಸ್ವಲ್ಪ ತಗ್ಗು ಬಿಟ್ಟು ಮಾರುತ್ತಿದ್ದರು. ಆ ತಗ್ಗನ್ನು ಕಾಗದದ ಸುರುಳಿಗಳಿಂದ ತುಂಬುವುದು ಮನೆಯ ಹೆಣ್ಣುಮಕ್ಕಳ ಪಾಲಿನ ಕೆಲಸ. ೧೭೯೧ರಲ್ಲಿ ಮೂರನೆಯ ಜಾರ್ಜ್ ದೊರೆಯ ಮಗಳಾದ ಎಲಿಜಬೆತ್ ರಾಜಕುಮಾರಿಗೆ ಅರಮನೆಯ ಪೀಠೋಪಕರಣದ ವರ್ತಕನು ೧೫ ಔನ್ಸು ಬಗೆಬಗೆಯ ಕಾಗದವನ್ನೂ ೧ ಔನ್ಸು ಹೊಂಗಾಗದವನ್ನೂ ಒದಗಿಸಿದನು. ಇಂದಿನ ಲೆಕ್ಕದಲ್ಲಿ ೧೫ ಔನ್ಸು ಎಂದರೆ ಸುಮಾರು ೪೨೫ ಗ್ರಾಂ. ಎಳೆಯಷ್ಟು ಸಣ್ಣ ಪಟ್ಟಿಗಳಲ್ಲಿ ಅರ್ಧ ಸೇರಿನ ಹತ್ತಿರ ಹತ್ತಿರ ಕಾಗದವೆಂದರೆ ರಾಜಕುಮಾರಿಯ ಬೆರಳುಗಳಿಗೆ ಬೇಕಾದಷ್ಟು ಕೆಲಸ ಸಿಕ್ಕಿರಬೇಕು.

ಇಂಗ್ಲಿಷ್ ಸಾಹಿತ್ಯವನ್ನು ಓದುವ ನನ್ನ ಮಿತ್ರರಿಗೆ ಜೇನ್ ಆಸ್ಟೆನ್ನಳ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಪರಿಚಿತವಾದ ಕಾದಂಬರಿ. ೧೮೧೧ರಲ್ಲಿ ಹೊರಬಂದ ಆ ಪುಸ್ತಕದಲ್ಲಿ ಲೂಸಿ ಸ್ಟೀಲ್ ಎಂಬುವಳು ಮನೆಯೊಡತಿಯ ಪುಟ್ಟ ಮಗಳಿಗಾಗಿ ಕಾಗದದ ಕುಸುರಿಯ ಬುಟ್ಟಿಯೊಂದನ್ನು ಮಾಡುತ್ತಾಳೆ. ಕಥಾನಾಯಕಿ ಎಲಿನರ್ ತಾನು ಪಟ್ಟಿಗಳನ್ನು ಸುತ್ತಿಕೊಡುವೆನೆಂದು ಮುಂದೆ ಬಂದು ಅವಳ ಪಕ್ಕದಲ್ಲಿ ಕುಳಿತು, ಆ ನೆವದಲ್ಲಿ ಮನಸ್ಸಿನಲ್ಲಿದ್ದ ಗಹನವಾದ ಮಾತನ್ನು ತೆಗೆಯುತ್ತಾಳೆ. ಪಾಠವಾಗುವಾಗ ಆ ಬುಟ್ಟಿ ಯಾವುದೋ ಹೆಣಿಗೆಯ ಬುಟ್ಟಿಯೆಂದು ನಾವೆಲ್ಲ ದಾಟಿಹೋಗುತ್ತೇವೆ. ಅದು ಇದೇ ಕೆಲಸ. ಆ ಸನ್ನಿವೇಶದಿಂದ ನನಗೆ ಎರಡು ವಿಷಯಗಳು ಕಂಡವು. ಕೈ ಕೆಲಸದಲ್ಲಿದ್ದರೆ ಮಾತು ಸಲೀಸಾಗಿ ಬರುತ್ತದೆ ಎಂಬುದು ಒಂದು. ನಮ್ಮ ಹಳ್ಳಿಗಳಲ್ಲಿ ಅವರೆಕಾಯಿ ಸುಲಿಯುವ ಹೆಂಗಸರೂ ಹುರಿ ಹೊಸೆಯುವ ಗಂಡಸರೂ ಇದನ್ನು ಬಲ್ಲರು. ಲೂಸಿ ಆ ಬುಟ್ಟಿಯನ್ನು ಮಾಡುತ್ತಿದ್ದುದು ಸಂತೋಷಕ್ಕಲ್ಲ, ತನಗೆ ಆಶ್ರಯ ಕೊಟ್ಟ ಸಿರಿವಂತರ ಮನವೊಲಿಸುವುದಕ್ಕೆ, ಎಂಬುದು ಇನ್ನೊಂದು. ಕೈಗೆಲಸದ ಹಿಂದೆ ಯಾರ ಬೇಕು, ಯಾರ ಬೇಡಗಳಿವೆ ಎಂಬುದನ್ನು ನೋಡದೆ ಕೈಚಳಕವನ್ನು ಮಾತ್ರ ಹೊಗಳಬಾರದು. ಈ ಮಾತಿಗೆ ಮುಂದೆ ಮರಳಿ ಬರುತ್ತೇನೆ.

ಇದು ಪರದೇಶದ ಕೆಲಸ, ನಮ್ಮ ರಂಗೋಲಿ ಕಸೂತಿಗಳಿರುವಾಗ ಇದೇಕೆ, ಎಂದು ಆಕ್ಷೇಪಿಸುವವರುಂಟು. ಆಕ್ಷೇಪಿಸಲಿ, ಆದರೆ ಬಿಳಿಯ ಕಾಗದದ ಮೇಲೆ ಹಾಗೆ ಬರೆಯುವಾಗ ಆ ಕಾಗದವೇ ಚೀನಾದಿಂದ ಹೊರಟು ಬಂದುದೆಂಬುದನ್ನು ನೆನೆಯಲಿ. ಅದೂ ಅಲ್ಲದೆ ಲೋಹದ ಎಳೆಯಿಂದ ಬಳ್ಳಿ ಬಿಡಿಸುವ ಕಣ್ಣು ನಮ್ಮವರಿಗೆ ಹೊಸದಲ್ಲ. ಒಡಿಶಾದ ಕಟಕದಲ್ಲಿ ಬೆಳ್ಳಿಯ ತಂತಿಯನ್ನು ತಿರುವಿ ಮಾಡುವ ತಾರಕಸಿ ಕೆಲಸ ಇಂದಿಗೂ ನಡೆಯುತ್ತಿದೆ. ೨೦೨೪ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ನಮ್ಮ ಬೀದರಿನ ಬಿದರಿ ಕೆಲಸದಲ್ಲಿ ಕಪ್ಪು ಪಾತ್ರೆಯ ಮೈಗೆ ಬೆಳ್ಳಿಯ ತಂತಿಯನ್ನು ಕೂರಿಸುವ ಒಂದು ಬಗೆ ಇದೇ ಅರ್ಥದ ಹೆಸರಿನಿಂದ ತಾರಕಶಿ ಎನಿಸಿಕೊಂಡಿದೆ. ಬೆಳ್ಳಿ ಕೊಳ್ಳುವ ಶಕ್ತಿ ನಮಗಿಲ್ಲ. ಕಾಗದ ಕೊಳ್ಳುವ ಶಕ್ತಿಯೂ ಇಲ್ಲದವನಿಗೆ ರದ್ದಿಯಾದರೂ ಸಿಕ್ಕೀತು. ಮುಂಬಾಗಿಲ ರಂಗೋಲಿಯಲ್ಲಿ ಸುಳಿ ಎಳೆದ ಕೈಗೆ ಕಾಗದದ ಸುಳಿ ಕಷ್ಟವಾಗಲಾರದು.

ಇನ್ನು ಆರಂಭಿಸುವ ಬಗೆ. ಇಲ್ಲಿ ನನ್ನದು ಸ್ವಲ್ಪ ಗಟ್ಟಿಯಾದ ಅಭಿಪ್ರಾಯ. ಇಂದು ಲೇಖನ ಸಾಮಗ್ರಿಯ ಅಂಗಡಿಗಳಲ್ಲಿ ಬಣ್ಣದ ಪಟ್ಟಿಗಳು, ಸೀಳುಗಡ್ಡಿ, ಅಚ್ಚು, ಅಂಟು, ಚಿತ್ರದ ಹಾಳೆ ಎಲ್ಲವೂ ಒಂದೇ ಡಬ್ಬಿಯಲ್ಲಿ ಸಿಗುತ್ತವೆ. ಹೊಸಬರು ಮೊದಲು ಓಡುವುದೇ ಆ ಡಬ್ಬಿಯ ಕಡೆಗೆ. ಮೊದಲ ಒಂದು ತಿಂಗಳು ಅದನ್ನು ಕೊಳ್ಳಬೇಡಿರೆಂದು ನಾನು ಹೇಳುತ್ತೇನೆ. ಹಣದ ಉಳಿತಾಯ ಒಂದು ಕಾರಣ. ಆದರೆ ಮುಖ್ಯ ಕಾರಣ ಬೇರೆ. ಪಟ್ಟಿಯನ್ನು ತಾನೇ ಕತ್ತರಿಸಿದವನಿಗೆ ಕಾಗದದ ಗುಣ ತಿಳಿಯುತ್ತದೆ. ಸಿದ್ಧಪಟ್ಟಿಯನ್ನು ಕೊಂಡವನಿಗೆ ಅದರ ಬಣ್ಣ ಮಾತ್ರ ತಿಳಿಯುತ್ತದೆ.

ಕಾಗದದ ಗುಣವೆಂದರೇನು? ವೃತ್ತಪತ್ರಿಕೆಯ ಕಾಗದ ತೀರ ಮೆತ್ತಗೆ. ಸುತ್ತಿದ ಸುರುಳಿ ಸೋತು ಕುಳಿತುಬಿಡುತ್ತದೆ. ಮದುವೆಯ ಆಮಂತ್ರಣದ ದಪ್ಪ ಹಾಳೆ ಸುತ್ತುವಾಗ ಮುರಿದು ಗೆರೆ ಬೀಳುತ್ತದೆ. ಹೊಳಪಿನ ಕ್ಯಾಲೆಂಡರಿನ ಹಾಳೆಗೆ ಅಂಟು ಹಿಡಿಯುವುದಿಲ್ಲ. ಕಚೇರಿಗಳಲ್ಲಿ ಬಳಸುವ, ಚದರ ಮೀಟರಿಗೆ ೭೦-೮೦ ಗ್ರಾಂ ತೂಗುವ ಬಿಳಿಯ ಹಾಳೆ ಕಲಿಯುವವರಿಗೆ ಸಾಕು. ಬಣ್ಣ ಬೇಕೆಂದರೆ ಅದೇ ತೂಕದ ಬಣ್ಣದ ಹಾಳೆಗಳೂ ಬಿಡಿಯಾಗಿ ಸಿಗುತ್ತವೆ. ಅಂಗಡಿಯ ಸಿದ್ಧಪಟ್ಟಿಗಳು ಸಾಮಾನ್ಯವಾಗಿ ಇದಕ್ಕಿಂತ ಸ್ವಲ್ಪ ದಪ್ಪ. ಯಂತ್ರದಲ್ಲಿ ಮಾಡಿದ ಕಾಗದದ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆದ್ದರಿಂದ ಹಾಳೆ ಒಂದು ಕಡೆಗೆ ಸುಲಭವಾಗಿ ಬಾಗುತ್ತದೆ, ಇನ್ನೊಂದು ಕಡೆಗೆ ಮೊಂಡುತನ ಮಾಡುತ್ತದೆ. ಕತ್ತರಿಸುವುದಕ್ಕೆ ಮುಂಚೆ ಹಾಳೆಯನ್ನು ಎರಡು ಕಡೆಗೂ ಮೆಲ್ಲಗೆ ಬಾಗಿಸಿ ನೋಡಬೇಕು. ಯಾವ ಕಡೆಗೆ ಬಾಗಲು ಒಪ್ಪುವುದೋ ಆ ಕಡೆಗೆ ಸುರುಳಿ ಸುತ್ತಿಕೊಳ್ಳುವಂತೆ ಪಟ್ಟಿ ತೆಗೆಯಬೇಕು. ಒಂದು ನಿಮಿಷದ ಈ ಪರೀಕ್ಷೆ ಒಂದು ಗಂಟೆಯ ಬೇಸರವನ್ನು ತಪ್ಪಿಸುತ್ತದೆ.

ಪಟ್ಟಿಯ ಅಗಲ ೩ ಮಿಲಿಮೀಟರ್ ಇರುವುದು ಎಲ್ಲೆಡೆಯ ರೂಢಿ. ಹೊಸಬರ ಬೆರಳಿಗೆ ೫ ಮಿಲಿಮೀಟರ್ ಅನುಕೂಲ. ಎ-೪ ಅಳತೆಯ ಹಾಳೆ ೨೧ ಸೆಂಟಿಮೀಟರ್ ಅಗಲ, ೨೯.೭ ಸೆಂಟಿಮೀಟರ್ ಉದ್ದ. ಉದ್ದಕ್ಕೆ ಕತ್ತರಿಸಿದರೆ ಒಂದು ಹಾಳೆಯಿಂದ ೫ ಮಿಲಿಮೀಟರಿನ ೪೨ ಪಟ್ಟಿಗಳೂ, ೩ ಮಿಲಿಮೀಟರಿನವಾದರೆ ೭೦ ಪಟ್ಟಿಗಳೂ ಬರುತ್ತವೆ. ಪೆನ್ಸಿಲಿನಿಂದ ಗೆರೆ ಎಳೆದು, ಉಕ್ಕಿನ ಅಳತೆಪಟ್ಟಿಯನ್ನು ಒತ್ತಿ ಹಿಡಿದು, ಹರಿತವಾದ ಅಲಗಿನಿಂದ ಸೀಳಬೇಕು; ಕೆಳಗೆ ಹಳೆಯ ರಟ್ಟನ್ನು ಹಾಸಿದರೆ ಮೇಜೂ ಉಳಿಯುತ್ತದೆ, ಮನೆಯವರ ಶಾಂತಿಯೂ ಉಳಿಯುತ್ತದೆ. ಮೊದಲ ದಿನದ ಪಟ್ಟಿಗಳು ಒಂದು ಕಡೆ ಅಗಲ, ಒಂದು ಕಡೆ ಕಿರಿದು ಆಗುವುದು ಸಹಜ. ಮೂರನೆಯ ಹಾಳೆಯ ಹೊತ್ತಿಗೆ ಕೈ ನೇರವಾಗುತ್ತದೆ.

ಸುತ್ತುವ ಕಡ್ಡಿಯನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು. ಚೀಲ ಹೊಲಿಯುವ ದಬ್ಬಳದ ಕಣ್ಣಿನ ತುದಿಯನ್ನು ಇಕ್ಕುಳದಿಂದ ಕತ್ತರಿಸಿದರೆ ಕಣ್ಣು ಸೀಳಾಗುತ್ತದೆ. ಚೂಪಾದ ತುದಿಯನ್ನು ಬಿದಿರಿನ ತುಂಡಿಗೆ ಚುಚ್ಚಿದರೆ ಹಿಡಿಯಾಯಿತು. ತುಂಡು ಕಣ್ಣಿಗೆ ಸಿಡಿಯದಂತೆ ಬಟ್ಟೆ ಸುತ್ತಿ ಕತ್ತರಿಸಬೇಕು. ಅಷ್ಟೂ ಬೇಡವೆನ್ನುವವರಿಗೆ ತೆಂಗಿನ ಪೊರಕೆಯ ಕಡ್ಡಿಯೇ ಸಾಕು. ಪಟ್ಟಿಯ ತುದಿಯನ್ನು ಉಗುರಿನಿಂದ ಸ್ವಲ್ಪ ಬಾಗಿಸಿ ಕಡ್ಡಿಗೆ ಒತ್ತಿ ಸುತ್ತಿದರಾಯಿತು. ಸೀಳುಗಡ್ಡಿಯಲ್ಲಿ ಸುರುಳಿಯ ನಡುವೆ ಒಂದು ಸಣ್ಣ ಮಡಿಕೆ ಉಳಿಯುತ್ತದೆ. ಸಾದಾ ಕಡ್ಡಿಯಲ್ಲಿ ನಡುಭಾಗ ದುಂಡಾಗಿಯೇ ಇರುತ್ತದೆ. ವೇಗ ಬೇಕೆನ್ನುವವರು ಮೊದಲನೆಯದನ್ನೂ, ಅಂದ ಬೇಕೆನ್ನುವವರು ಎರಡನೆಯದನ್ನೂ ಹಿಡಿಯಬಹುದು.

ಅಂಟಿನ ವಿಷಯದಲ್ಲಿ ಜಿಪುಣತನವೇ ಸದ್ಗುಣ. ಬಡಗಿಗಳೂ ಬಳಸುವ ಬಿಳಿಯ ಅಂಟು ಒಳ್ಳೆಯದು, ಒಣಗಿದಮೇಲೆ ಕಾಣುವುದಿಲ್ಲ. ಅದನ್ನು ಹಲ್ಲುಕಡ್ಡಿಯ ತುದಿಯಿಂದ ಸಾಸಿವೆ ಕಾಳಿನಷ್ಟು ಮುಟ್ಟಿಸಿದರೆ ಸಾಕು. ಮನೆಯಲ್ಲಿ ಕಾಯಿಸಿದ ಮೈದಾ ಅಂಟು ಪಟ್ಟಿಯನ್ನು ನೆನೆಸಿ ಉಬ್ಬಿಸುತ್ತದೆ. ಅಲ್ಲದೆ ನಾವು ಮಾಡಿದ ಹೂವನ್ನು ಜಿರಲೆಗಳು ತಮಗಾಗಿ ಮಾಡಿದ ತಿಂಡಿಯೆಂದು ಭಾವಿಸುತ್ತವೆ.

ಸಾಮಗ್ರಿ ಸಿದ್ಧವಾದಮೇಲೆ ಕೆಲಸ ಬಹಳ ಸರಳ. ಪಟ್ಟಿಯ ತುದಿಯನ್ನು ಸೀಳಿಗೆ ಸಿಕ್ಕಿಸಿ, ಒಂದು ಕೈಯಿಂದ ಕಡ್ಡಿಯನ್ನು ತಿರುಗಿಸುತ್ತ, ಇನ್ನೊಂದು ಕೈಯ ಬೆರಳಿನಿಂದ ಅಂಚುಗಳನ್ನು ಸಮನಾಗಿ ಹಿಡಿಯಬೇಕು. ಹಾಗೆಯೇ ತುದಿಗೆ ಅಂಟು ಹಚ್ಚಿದರೆ ಬಿಗಿ ಸುರುಳಿ. ಕಡ್ಡಿಯಿಂದ ಜಾರಿಸಿ, ಬೇಕಾದಷ್ಟು ಬಿಚ್ಚಿಕೊಳ್ಳಲು ಬಿಟ್ಟು ಅಂಟಿಸಿದರೆ ಸಡಿಲ ಸುರುಳಿ. ಸಡಿಲ ಸುರುಳಿಯನ್ನು ಒಂದು ಕಡೆ ಚಿವುಟಿದರೆ ನೀರಿನ ಹನಿ. ಎರಡು ಕಡೆ ಚಿವುಟಿದರೆ ಕಣ್ಣು. ಮೂರು ಕಡೆ ಚಿವುಟಿದರೆ ತ್ರಿಕೋಣ. ನಾಲ್ಕು ಕಡೆಯಾದರೆ ಚೌಕ. ಐದು ಹನಿಗಳನ್ನು ಒಂದು ಬಿಗಿ ಸುರುಳಿಯ ಸುತ್ತ ಕೂಡಿಸಿದರೆ ಹೂವಾಯಿತು. ಎರಡು ಕಣ್ಣುಗಳು ಎಲೆಗಳಾದವು. ಅಗಲವಾದ ಪಟ್ಟಿಯ ಒಂದು ಅಂಚನ್ನು ಬಾಚಣಿಗೆಯ ಹಲ್ಲಿನಂತೆ ಸಣ್ಣಗೆ ಕತ್ತರಿಸಿ ಸುತ್ತಿ, ಎಸಳುಗಳನ್ನು ಹೊರಕ್ಕೆ ಬಾಗಿಸಿದರೆ ಸೇವಂತಿಗೆ. ನಾಲ್ಕೈದು ಪಟ್ಟಿಗಳನ್ನು ತುದಿಗೆ ತುದಿ ಅಂಟಿಸಿ ದೊಡ್ಡ ಬಿಗಿ ಸುರುಳಿ ಮಾಡಿ, ನಡುವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ ಹೋದರೆ ಅದು ಬಟ್ಟಲಾಗುತ್ತದೆ. ಒಳಗೆ ಅಂಟು ಸವರಿ ಒಣಗಿಸಿದರೆ ಜುಮುಕಿಯ ಗಂಟೆ ಸಿದ್ಧ.

ಆದರೆ ಹೂವಿಗೂ ಜುಮುಕಿಗೂ ಅವಸರಪಡಬಾರದು. ಒಂದೇ ಉದ್ದದ ಹತ್ತು ಪಟ್ಟಿಗಳನ್ನು ತೆಗೆದುಕೊಂಡು ಒಂದೇ ಅಳತೆಯ ಹತ್ತು ಸಡಿಲ ಸುರುಳಿಗಳನ್ನು ಮಾಡುವುದು ಮೊದಲ ಪಾಠವಾಗಲಿ. ಕೇಳುವುದಕ್ಕೆ ಇದು ಹಗುರ. ಮಾಡುವಾಗ ಒಂದು ಕಡಲೆಯಷ್ಟು, ಒಂದು ನೆಲ್ಲಿಕಾಯಷ್ಟು ಆಗುತ್ತದೆ. ಸೀಸೆಯ ಮುಚ್ಚಳದೊಳಗೆ ಸುರುಳಿಯನ್ನು ಬಿಟ್ಟರೆ ಅದು ಮುಚ್ಚಳದ ಅಳತೆಗೆ ಬಿಚ್ಚಿಕೊಂಡು ನಿಲ್ಲುತ್ತದೆ. ಈ ಹತ್ತು ಒಂದೇ ಸಮನಾದ ದಿನ ಹೂವಿನ ಐದು ಎಸಳುಗಳೂ ತಮ್ಮಷ್ಟಕ್ಕೆ ತಾವೇ ಸಮನಾಗುತ್ತವೆ. ಸಂಗೀತದವರು ಸರಳೆ ವರಸೆಯನ್ನು ಬಿಟ್ಟು ಕೀರ್ತನೆಗೆ ಹಾರಿದರೆ ನಾವು ನಗುತ್ತೇವೆ. ಕೈಗೆಲಸಕ್ಕೂ ಸರಳೆ ವರಸೆ ಉಂಟೆಂಬುದನ್ನು ಮಾತ್ರ ಮರೆಯುತ್ತೇವೆ.

ಹೀಗೆ ಮರೆಯುವುದಕ್ಕೆ ಫೋನಿನಲ್ಲಿ ನೋಡುವ ಚಲಚ್ಚಿತ್ರಗಳು ಬಹುಮಟ್ಟಿಗೆ ಕಾರಣವೆಂದು ನನ್ನ ನಂಬಿಕೆ. ಅವುಗಳಿಂದ ಉಪಕಾರವಾಗಿಲ್ಲವೆಂದಲ್ಲ. ಗುರುವಿಲ್ಲದ ಊರಿನಲ್ಲಿ ಅವೇ ಗುರುಗಳು. ಆದರೆ ಅರ್ಧ ನಿಮಿಷದಲ್ಲಿ ನವಿಲು ಗರಿಗೆದರುವಂತೆ ಓಡಿಸಿದ ಚಿತ್ರದಲ್ಲಿ ಕತ್ತರಿಸುವ ಬೇಸರವಿಲ್ಲ, ಅಂಟು ಒಣಗುವ ಹೊತ್ತಿಲ್ಲ, ಕೆಟ್ಟುಹೋದ ಆರು ಸುರುಳಿಗಳಿಲ್ಲ. ಅದನ್ನು ನೋಡಿ ಕುಳಿತವಳು ಮೂರು ಗಂಟೆ ಕಳೆದರೂ ನವಿಲಿನ ಕತ್ತು ನಿಲ್ಲದಿದ್ದಾಗ ತನ್ನ ಕೈಯೇ ಕೆಟ್ಟದೆಂದು ಬಿಟ್ಟುಬಿಡುತ್ತಾಳೆ. ಕೈ ಕೆಟ್ಟದಲ್ಲ; ಹೊತ್ತಿನ ಲೆಕ್ಕ ಸುಳ್ಳು. ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬೇಕು ಎಂಬ ತಿಳಿವಳಿಕೆಯನ್ನು ಇಂದಿನ ಕಾಲದಲ್ಲಿ ಕೊಡುವ ವಸ್ತುಗಳು ಕಡಮೆ. ಆ ಕೆಲವಲ್ಲಿ ಮೂರು ಮಿಲಿಮೀಟರಿನ ಕಾಗದವೂ ಒಂದು.

ಇದು ಹೆಣ್ಣುಮಕ್ಕಳ ಕೆಲಸವೆಂಬ ಮಾತಿಗೆ ಹೆಚ್ಚು ಉತ್ತರ ಬೇಡ. ಮಠದ ಸಂನ್ಯಾಸಿಗಳಿಗೆ ಒಗ್ಗಿದ್ದುದು ನಮ್ಮ ಪುರುಷ ವಿದ್ಯಾರ್ಥಿಗಳ ಮೀಸೆಗೆ ಅಪಮಾನವಾಗಲಾರದು. ಊರಿನ ಅಕ್ಕಸಾಲಿಗರೂ ಸಿಂಪಿಗರೂ ಗಂಡಸರೇ. ಕೈಗೆಲಸಕ್ಕೆ ಕೂಲಿ ಸಿಗುವವರೆಗೆ ಅದು ಹೆಂಗಸರದು, ಸಿಕ್ಕಮೇಲೆ ಗಂಡಸರದು ಎಂಬ ಲೋಕರೂಢಿಯನ್ನು ಕಾಲೇಜಿನಲ್ಲಿ ಓದಿದವರಾದರೂ ಪ್ರಶ್ನಿಸಬೇಕು.

ಪರೀಕ್ಷೆಗೆ ಇದರಿಂದ ಏನು ಪ್ರಯೋಜನವೆಂದು ಕೇಳುವ ಹಿರಿಯರಿಗೆ ಹೇಳಬೇಕಾದುದು ಸ್ವಲ್ಪವಿದೆ. ೧೯೩೭ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಶಿಕ್ಷಣವು ಒಂದು ಕೈಕಸಬಿನ ಮೂಲಕವೇ ನಡೆಯಬೇಕೆಂಬ ಯೋಜನೆಯನ್ನು ದೇಶದ ಮುಂದಿಟ್ಟರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೫೨ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿ, ಕುಶಲಕರ್ಮಿಯ ಮರ್ಯಾದೆಗಾಗಿ ಬಾಳನ್ನು ಸವೆಸಿದರು. ಇವರನ್ನು ಕುರಿತು ನಾವು ಐದು ಅಂಕದ ಟಿಪ್ಪಣಿ ಬರೆಯುತ್ತೇವೆ. ಅವರು ಹೇಳಿದುದನ್ನು ವಾರಕ್ಕೊಂದು ಗಂಟೆ ಮಾಡಿನೋಡುವುದು ಆ ಟಿಪ್ಪಣಿಗೆ ವಿರೋಧವಾಗಲಾರದು.

ಈಗ ಕಷ್ಟವಾದ ವಿಷಯಕ್ಕೆ ಬರುತ್ತೇನೆ. ಅದು ಹಣ. ಸರ್ಕಾರಿ ಕಾಲೇಜಿಗೆ ಬರುವ ನಮ್ಮಲ್ಲಿ ಬಸ್ಸಿನ ಪಾಸಿಗೂ ಪರೀಕ್ಷೆಯ ಶುಲ್ಕಕ್ಕೂ ಲೆಕ್ಕ ಹಾಕುವವರು ಬಹಳ. ಜುಮುಕಿ ಮಾಡಿ ಮಾರಿ ಶುಲ್ಕ ಕಟ್ಟಿದವರು ನನ್ನ ತರಗತಿಯಲ್ಲೇ ಇದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಈ ಕೆಲಸದ ಹೆಸರಿನಲ್ಲಿ ಆಸೆಯನ್ನು ಮಾರುವವರೂ ಇದ್ದಾರೆ. ನಮ್ಮೂರಿನಲ್ಲೇ ಒಂದು ತರಬೇತಿ ತರಗತಿಯವರು, ಕಲಿಸುವುದಲ್ಲದೆ ಮಾಡಿದ ವಸ್ತುಗಳನ್ನು ತಾವೇ ಕೊಳ್ಳುತ್ತೇವೆಂದು ಹೇಳಿ ಮುಂಗಡವಾಗಿ ಹಣ ಕಟ್ಟಿಸಿಕೊಂಡರು. ನನ್ನ ಇಬ್ಬರು ಗೆಳತಿಯರು ಸೇರಿದರು. ತಿಂಗಳಾದಮೇಲೆ ಅವರು ಒಯ್ದ ಜುಮುಕಿಗಳಿಗೆಲ್ಲ ಅಚ್ಚುಕಟ್ಟು ಸಾಲದು ಎಂಬ ಒಂದೇ ಉತ್ತರ ದೊರೆಯಿತು. ಹಣವೂ ಬರಲಿಲ್ಲ, ಜುಮುಕಿಗಳು ಮಾತ್ರ ಡಬ್ಬಿಯಲ್ಲಿ ಉಳಿದವು. ಆ ಇಬ್ಬರಲ್ಲಿ ಒಬ್ಬಳು ಈಗ ಕಡ್ಡಿಯನ್ನೇ ಮುಟ್ಟುವುದಿಲ್ಲ. ಹಣ ಹೋದುದಕ್ಕಿಂತ ಒಳ್ಳೆಯ ಕೈಯೊಂದು ಕೆಲಸ ಬಿಟ್ಟುದು ನನಗೆ ಹೆಚ್ಚಿನ ನಷ್ಟವಾಗಿ ತೋರುತ್ತದೆ.

ಮಾರುವವರು ಲೆಕ್ಕವನ್ನು ಹೀಗೆ ನೋಡಬೇಕು. ಒಂದು ಜೊತೆ ಜುಮುಕಿಯನ್ನು ೮೦ ರೂಪಾಯಿಗೆ ಕೊಟ್ಟೆವೆಂದುಕೊಳ್ಳೋಣ. ಕಾಗದ, ಅಂಟು, ಕೊಂಡಿ, ಮಣಿ, ಮೇಲೆ ಹಚ್ಚುವ ವಾರ್ನಿಷು ಎಲ್ಲ ಸೇರಿ ೨೫ ರೂಪಾಯಿ ಹೋಯಿತೆನ್ನೋಣ. ಉಳಿದದ್ದು ೫೫. ಪಟ್ಟಿ ಕತ್ತರಿಸಿದುದರಿಂದ ಹಿಡಿದು ಕೊಂಡಿ ಹಾಕುವವರೆಗೆ, ಒಣಗುವ ಹೊತ್ತನ್ನು ಬಿಟ್ಟು, ಎರಡು ಗಂಟೆ ಹಿಡಿದರೆ ಗಂಟೆಗೆ ೨೭ ರೂಪಾಯಿ ೫೦ ಪೈಸೆ ಬಿತ್ತು. ಎಂಟು ಗಂಟೆ ದುಡಿದರೆ ೨೨೦ ರೂಪಾಯಿ. ಆ ಹೊತ್ತಿಗೆ ಕಣ್ಣೂ ಬೆರಳೂ ಬಿದ್ದುಹೋಗಿರುತ್ತವೆ. ಈ ಅಂಕೆಗಳು ಉದಾಹರಣೆಗಾಗಿ; ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕೆಗಳನ್ನು ಹಾಕಿಕೊಂಡು, ತಮ್ಮ ಊರಿನ ದಿನಗೂಲಿಯೊಡನೆ ಹೋಲಿಸಿ ನೋಡಲಿ. ನಮ್ಮವರು ಸಾಮಾನ್ಯವಾಗಿ ಸಾಮಗ್ರಿಯ ಬೆಲೆಯನ್ನು ಮಾತ್ರ ಕಳೆಯುತ್ತಾರೆ. ತಮ್ಮ ಹೊತ್ತಿಗೆ ಬೆಲೆಯೇ ಇಲ್ಲವೆಂದು ತಿಳಿಯುತ್ತಾರೆ. ಬಿಡುವಿನಲ್ಲಿ ಮಾಡಿದ್ದು ತಾನೆ, ಎನ್ನುತ್ತಾರೆ. ಮನೆಯ ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದಿರುವುದಕ್ಕೆ ಹೇಳುವ ಮಾತೂ ಇದೇ ಅಲ್ಲವೆ? ಕೊಳ್ಳುವ ಮಿತ್ರರೂ ಇದನ್ನು ನೆನೆಯಬೇಕು. ಬರಿಯ ಕಾಗದ, ಇದಕ್ಕೆ ಇಷ್ಟೇಕೆ, ಎಂದು ಚೌಕಾಸಿ ಮಾಡುವಾಗ ನಾವು ಕೆಳಗಿಳಿಸುತ್ತಿರುವುದು ಕಾಗದದ ಬೆಲೆಯನ್ನಲ್ಲ.

ಆದುದರಿಂದ ನನ್ನ ಸಲಹೆ ಇಷ್ಟು. ಮೊದಲು ಆರು ತಿಂಗಳು ಸಂತೋಷಕ್ಕಾಗಿ ಮಾಡಿರಿ. ಮಾರಲು ಹೊರಟಾಗ ಹೊತ್ತನ್ನೂ ಬರೆದಿಡಿರಿ. ಕೊಳ್ಳುವವರು ಆ ಬೆಲೆಯನ್ನು ಕೊಡದಿದ್ದರೆ ಕಡಮೆ ಮಾಡಿ ನೂರು ಜೊತೆ ಮಾರುವ ಬದಲು ಗೆಳತಿಯರಿಗೆ ಹತ್ತು ಜೊತೆ ಉಡುಗೊರೆ ಕೊಡಿರಿ. ಮಾರಾಟದ ಭರವಸೆ ಕೊಟ್ಟು ಮುಂಗಡ ಕೇಳುವವರಿಗೆ ದೂರದಿಂದಲೇ ನಮಸ್ಕಾರ ಹಾಕಿರಿ. ಇದು ದುಡಿಮೆಗೆ ದಾರಿಯಾಗಲಾರದೆಂದು ನಾನು ಹೇಳುವುದಿಲ್ಲ. ವಿಯೆಟ್ನಾಮಿನಲ್ಲಿ ಕಾಗದದ ಸುರುಳಿಯ ಶುಭಾಶಯ ಪತ್ರಗಳನ್ನು ಕೈಯಿಂದ ಮಾಡಿ ಹೊರದೇಶಗಳಿಗೆ ಕಳುಹಿಸುವ ಉದ್ಯಮವೇ ಬೆಳೆದಿದೆ. ಆದರೆ ಅಲ್ಲಿ ಕೆಲಸವನ್ನು ಹಂಚಿಕೊಳ್ಳುವ ಹತ್ತಾರು ಕೈಗಳಿವೆ, ಕೊಳ್ಳುವವರ ಗೊತ್ತಿದೆ. ಒಬ್ಬೊಬ್ಬರೇ ಮೂಲೆಯಲ್ಲಿ ಕುಳಿತು ಪರಸ್ಪರ ಬೆಲೆ ಇಳಿಸಿಕೊಳ್ಳುವುದು ಉದ್ಯಮವಲ್ಲ.

ಕೊನೆಯದಾಗಿ ಕಾಲೇಜಿನ ಮುಂದೆ ನನ್ನದೊಂದು ಸಣ್ಣ ಕೋರಿಕೆ. ಶನಿವಾರ ತರಗತಿಗಳು ಮುಗಿದಮೇಲೆ ಒಂದು ಗಂಟೆಯ ಹೊತ್ತು ಒಂದು ಕೊಠಡಿಯನ್ನು ನಮಗೆ ಬಿಟ್ಟುಕೊಡಬೇಕು. ಕಚೇರಿಯಲ್ಲಿ ಒಂದು ಬದಿ ಮಾತ್ರ ಅಚ್ಚಾಗಿ ರದ್ದಿಗೆ ಹೋಗುವ ಹಾಳೆಗಳಲ್ಲಿ ಗುಟ್ಟಿನವಲ್ಲದವನ್ನು ಕೊಡಬೇಕು. ಹಣ ಬೇಡ. ಕಲಿತವರು ಕಲಿಯದವರಿಗೆ ಹೇಳಿಕೊಡುತ್ತೇವೆ. ಹುಡುಗರೂ ಬರಲಿ, ಬಿಡುವಿದ್ದರೆ ಅಧ್ಯಾಪಕರೂ ಬರಲಿ. ೨೦೧೬ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ಕಿನ ತೋರಣಗಳನ್ನೂ ಫ್ಲೆಕ್ಸುಗಳನ್ನೂ ನಿಷೇಧಿಸಲಾಯಿತು. ಆದರೂ ಸಮಾರಂಭಗಳಲ್ಲಿ ಅವುಗಳ ಮೋಹ ಹೋಗಿಲ್ಲ. ಮುಂದಿನ ವಾರ್ಷಿಕೋತ್ಸವದ ಅತಿಥಿಗಳ ಎದೆಗೆ ಚುಚ್ಚುವ ಹೂಗಳನ್ನೂ ವೇದಿಕೆಯ ಮೇಲಿನ ಕಾಲೇಜಿನ ಹೆಸರನ್ನೂ ನಾವು ಕಾಗದದ ಸುರುಳಿಯಿಂದ ಮಾಡಿಕೊಡಬಲ್ಲೆವು. ಜೂನಿನಲ್ಲಿ ಮಾಡಬಾರದು, ಮಳೆಗಾಲದ ತೇವಕ್ಕೆ ಸುರುಳಿಗಳು ಮೆತ್ತಗಾಗುತ್ತವೆ. ಮಾರ್ಚಿನ ವಾರ್ಷಿಕೋತ್ಸವಕ್ಕೆ ಆ ಭಯವಿಲ್ಲ.

ಇದರಿಂದ ದೇಶೋದ್ಧಾರವಾಗುತ್ತದೆಂದು ನಾನು ಹೇಳಲಾರೆ. ಆದರೆ ತಾನು ಕೈಯಿಂದ ಒಂದು ವಸ್ತುವನ್ನು ನೆಟ್ಟಗೆ ಮಾಡಿದವನು ಇನ್ನೊಬ್ಬನ ಕೈಗೆಲಸವನ್ನು ಹಗುರವಾಗಿ ಕಾಣುವುದಿಲ್ಲ. ಬುಟ್ಟಿ ಹೆಣೆಯುವವರ ಮುಂದೆಯೂ, ಕೌದಿ ಹೊಲಿಯುವವರ ಮುಂದೆಯೂ, ಬಿದರಿಯ ತಂತಿ ಕೂರಿಸುವವರ ಮುಂದೆಯೂ ನಿಂತಾಗ ಅವನ ನೋಟ ಬೇರೆಯಾಗುತ್ತದೆ. ಬೆಲೆ ಕೇಳುವ ಧ್ವನಿಯೂ ಬೇರೆಯಾಗುತ್ತದೆ. ಕಲಾ ಪದವೀಧರರೆನಿಸಿಕೊಂಡು ಹೊರಗೆ ಹೋಗುವ ನಮಗೆ ಇಷ್ಟು ವಿವೇಕ ಬಂದರೆ ಒಂದು ಹಾಳೆಯ ಎಪ್ಪತ್ತು ಪಟ್ಟಿಗಳೂ ಸಾರ್ಥಕವಾದುವೆಂದು ನಾನು ತಿಳಿಯುತ್ತೇನೆ.